ಎರಡು 800, ಒಂದು ನಂಬರು

ಮುಂಭಾಗ ಜಜ್ಜಿಹೋದ ಮಾರುತಿ 800 ಒಂದನ್ನು ರಿಪೇರಿ ಮಾಡುವುದೋ, ಅದರ ಒಳ್ಳೆಯ ಭಾಗಗಳನ್ನೆಲ್ಲ ಬಿಚ್ಚಿ ಇನ್ನೊಂದು 800ರ ಬಾಡಿಯೊಳಗೆ ಹಾಕುವುದೋ ಎಂದು ಈ ಮಳೆಗಾಲದಲ್ಲಿ ತೀರ್ಮಾನಿಸಬೇಕಾಯಿತು. ತೀರ್ಮಾನ ಹೇಗಾಯಿತು, ಆಮೇಲೆ ಕೆಲಸ ಹೇಗೆ ಸಾಗಿತು ಎಂಬುದನ್ನು ಬರೆದಿಡುತ್ತಿದ್ದೇನೆ. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಈ ಕಾರಿನ ತಯಾರಿ 2014ರ ಜನವರಿಗೆ ನಿಂತಿತು. ಆದರೂ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ತೋಟದ ಮನೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಇಳಿಜಾರಿನ ಕಿರುದಾರಿಗೆ, ಹಿಂದಿನ ಸೀಟಿನ ಮೇಲೆ ಅಡಿಕೆ ಗೋಣಿ ಹೇರುವುದಕ್ಕೆ ಅಷ್ಟು ಸಸಾರದ ಗಾಡಿ ಇನ್ನೊಂದಿಲ್ಲ.

ಕಾರು ನನ್ನ ಭಾವನವರದು. 2008ರ ಮಾಡೆಲ್, ಬಿಳಿ ಬಣ್ಣ, ಕೆಎಲ್ 14 ನೋಂದಣಿ. ಚೆರ್ಕಳ–ಕಲ್ಲಡ್ಕ ರಸ್ತೆಯ ಒಂದು ತಿರುವಿನಲ್ಲಿ ಜಡಿಮಳೆಗೆ ಚಕ್ರ ಜಾರಿ, ಎಡಮೂಲೆ ಮುರಕಲ್ಲಿನ ಗೋಡೆಗೆ ಬಡಿಯಿತು. ಸೀಟ್ ಬೆಲ್ಟ್ ಎಳೆದ ನೋವು ಬಿಟ್ಟರೆ ಭಾವನವರಿಗೆ ಏನೂ ಆಗಲಿಲ್ಲ. ಗಾಡಿಯನ್ನು ಪಿಕಪ್‌ನಲ್ಲಿ ಹೇರಿ ನೀರ್ಚಾಲಿನ ನಮ್ಮ ಮನೆಗೆ ತಂದೆವು. ಅಡಿಕೆ ಒಣಗಿಸಲು ಅಂಗಳಕ್ಕೆ ಹಾಕಿದ ಪಾರದರ್ಶಕ ಶೀಟಿನ ಮಾಡು ಮಳೆಗಾಲದಲ್ಲಿ ಖಾಲಿ ಇರುತ್ತದೆ. ಕೆಳಗೆ ಸಿಮೆಂಟ್ ನೆಲ, ಮೇಲೆ ಧಾರಾಳ ಬೆಳಕು. ನನಗೆ ಅದಕ್ಕಿಂತ ಒಳ್ಳೆಯ ವರ್ಕ್‌ಶಾಪ್ ಬೇಡ. ಎಂಜಿನ್ ಎತ್ತಲು ಮಾತ್ರ ಮಾಡಿನ ಪೈಪುಗಳನ್ನು ನಂಬುವಂತಿಲ್ಲ. ಮೂರು ಕಾಲಿನ ಸ್ಟ್ಯಾಂಡನ್ನೂ ಚೈನ್ ಬ್ಲಾಕನ್ನೂ ಬಾಡಿಗೆಗೆ ತಂದೆ.

ಪೆಟ್ಟು ಎಲ್ಲಿಯವರೆಗೆ

ಮೇಲ್ನೋಟಕ್ಕೆ ಭಯಂಕರವಾಗಿತ್ತು. ಫೆಂಡರ್ ಮಡಿಚಿತ್ತು, ಬಂಪರ್ ಎರಡು ತುಂಡಾಗಿತ್ತು, ಹೆಡ್‌ಲೈಟ್ ಪುಡಿಯಾಗಿತ್ತು, ಬಾನೆಟ್ ನಡುವೆ ಉಬ್ಬಿತ್ತು, ರೇಡಿಯೇಟರ್ ಹಿಂದಕ್ಕೆ ಸರಿದು ಫ್ಯಾನಿನ ಎಲೆಗಳನ್ನು ಮುರಿದಿತ್ತು. ಇವೆಲ್ಲ ಬೋಲ್ಟ್ ಬಿಚ್ಚಿ ಬದಲಿಸುವ ಸಾಮಾನುಗಳು. ಗಿರಾಕಿಯನ್ನು ಹೆದರಿಸಿ ದೊಡ್ಡ ಬಿಲ್ಲು ಮಾಡಲು ಇವು ಒದಗುತ್ತವೆಯೇ ಹೊರತು ಕಾರಿನ ಹಣೆಬರಹ ಬರೆಯುವುದು ಇವಲ್ಲ. ಫೆಂಡರ್ ಬಿಚ್ಚಿದ ಮೇಲೆ ನಿಜವಾದ ವಿಷಯ ಕಂಡಿತು. ಚಕ್ರದ ಮೇಲಿರುವ ಒಳತಗಡು, ಟಿಂಕರಿಂಗ್‌ನವರು ಏಪ್ರನ್ ಎನ್ನುವುದು, ನೆರಿಗೆಗಟ್ಟಿತ್ತು. ಅದರ ಬುಡದಲ್ಲಿ ಮುಂದಕ್ಕೆ ಚಾಚುವ ಪೆಟ್ಟಿಗೆಯಾಕಾರದ ತೊಲೆ ಒಂದು ಕಡೆ ಮಡಿಚಿಕೊಂಡಿತ್ತು.

ಜೀಪಿನ ಹಾಗೆ 800ಕ್ಕೆ ಪ್ರತ್ಯೇಕ ಚಾಸಿ, ಅಂದರೆ ಅಡಿಯ ಚೌಕಟ್ಟು, ಇಲ್ಲ. ತಗಡುಗಳನ್ನು ಸ್ಪಾಟ್ ವೆಲ್ಡಿಂಗ್‌ನಿಂದ ಒಂದಕ್ಕೊಂದು ಕೂಡಿಸಿದ ಬಾಡಿಯೇ ಅದರ ಚಾಸಿ. ಮುಂದಿನ ಚಕ್ರದ ಸ್ಪ್ರಿಂಗನ್ನು ಹೊತ್ತ ಸ್ಟ್ರಟ್‌ನ ತಲೆ ಕೂರುವುದು ಇದೇ ಏಪ್ರನ್ನಿನ ಮೇಲೆ. ಏಪ್ರನ್ ಅಲುಗಿದರೆ ಚಕ್ರದ ಓರೆಯೂ ಅಲುಗುತ್ತದೆ. ಆಮೇಲೆ ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಟಯರು ಒಂದು ಬದಿಗೆ ಸವೆಯುತ್ತದೆ, ಸ್ಟಿಯರಿಂಗ್ ಒಂದು ಕಡೆಗೆ ಎಳೆಯುತ್ತದೆ.

ಪೇಟೆಯ ವರ್ಕ್‌ಶಾಪೊಂದು 55,000 ರೂಪಾಯಿಯ ಅಂದಾಜು ಕೊಟ್ಟಿತು. ಇಂಥ ಕಾರನ್ನು ಮಾರಿದರೂ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಪೂರ್ತಿ ವಿಮೆ ಇರುವ ಗಾಡಿಗಳಿಗೆ ಒಂದು ಲೆಕ್ಕವಿದೆ: ರಿಪೇರಿಯ ಖರ್ಚು ವಿಮೆಯಲ್ಲಿ ನಮೂದಿಸಿದ ಮೌಲ್ಯದ ಶೇ. 75ನ್ನು ಮೀರಿದರೆ ಗಾಡಿಯನ್ನು ಪೂರ್ಣ ನಷ್ಟವೆಂದು ತೆಗೆದುಕೊಳ್ಳುತ್ತಾರೆ. ಭಾವನವರ ಗಾಡಿಗೆ ಇದ್ದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ. ಆದ್ದರಿಂದ ಬರುವ ಹಣ ಸೊನ್ನೆ, ಲೆಕ್ಕ ಹಾಕುವವರು ನಾವೇ. ಆದರೂ ಆ ಶೇ. 75ರ ಗೆರೆಯನ್ನು ನಾನು ತಲೆಯಲ್ಲಿ ಇಟ್ಟುಕೊಂಡೆ. ಪ್ರೀತಿಯ ಗಾಡಿಯ ವಿಷಯದಲ್ಲಿ ಹೊರಗಿನವರ ಅಳತೆಗೋಲು ಒಂದು ಇರುವುದು ಒಳ್ಳೆಯದು.

ಅಡ್ಯನಡ್ಕದ ಕಾರು

ಅಷ್ಟರಲ್ಲಿ ಗಡಿಯಾಚೆ ಕರ್ನಾಟಕದ ಅಡ್ಯನಡ್ಕದ ಸಮೀಪದ ಮನೆಯೊಂದರಲ್ಲಿ ಓಡದೆ ನಿಂತ 800 ಇದೆ ಎಂದು ಸುದ್ದಿ ಬಂತು. 2005ರದು, ಕೆಎ 19, ಅದೂ ಬಿಳಿ. ಮಾಲೀಕರು ತೀರಿಕೊಂಡ ಮೇಲೆ ಮಗ ಅದನ್ನು ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಿದ್ದರು. ಹದಿನೈದು ವರ್ಷದ ನೋಂದಣಿ ಮುಗಿದ ಮೇಲೆ ಯಾರೂ ನವೀಕರಿಸಿರಲಿಲ್ಲ. ಗುಜರಿಯವರು ಕಿಲೋ ಲೆಕ್ಕದಲ್ಲಿ ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟರೆ ಕೊಡುತ್ತೇನೆ ಎಂದರು. ಎಲ್ಲೂ ಒಂದು ಗುಳಿ ಇಲ್ಲದ ಬಾಡಿ. ತೊಳೆದರೆ ಷೋರೂಮಿನಿಂದ ತಂದ ಹಾಗೆ ಕಾಣುವಂಥದ್ದು.

ಅದನ್ನು ನೋಡಿದ ಕೂಡಲೇ ಭಾವನವರ ಮನಸ್ಸು ಓಡಿತು. "ನೋಡಿ ಭಾವ, ಎರಡೂ ಬಿಳಿ, ಎರಡೂ 800. ನಮ್ಮ ಎಂಜಿನ್, ಗೇರ್ ಬಾಕ್ಸ್, ಸೀಟು ಎಲ್ಲ ಇದಕ್ಕೆ ಹಾಕಿ ನಮ್ಮ ನಂಬರ್ ಪ್ಲೇಟು ಹೊಡೆದರೆ ಮುಗಿಯಿತು. ಯಾರಿಗೆ ತಿಳಿಯುತ್ತದೆ?"

ಉತ್ತರ ಕೊಟ್ಟದ್ದು ನಾನಲ್ಲ, ಜೊತೆಗೆ ಬಂದಿದ್ದ ಟಿಂಕರಿಂಗ್‌ನ ಕಾಕ. ಮಾತಾಡದೆ ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯನ್ನು ಬಟ್ಟೆಯಲ್ಲಿ ಒರೆಸಿ, ಅಲ್ಲಿ ಕೊರೆದಿದ್ದ ಅಕ್ಷರಗಳ ಮೇಲೆ ಬೆರಳಿಟ್ಟರು. "ಇದು ಹೇಳುತ್ತದೆ. ಪೊಲೀಸಿಗೂ ಹೇಳುತ್ತದೆ, ವಿಮೆಯವರಿಗೂ ಹೇಳುತ್ತದೆ. ನಾಳೆ ಯಾರಿಗಾದರೂ ತಾಗಿತು ಎಂದಿಟ್ಟುಕೊಳ್ಳಿ, ಆಗ ಮೊದಲು ನೋಡುವುದೇ ಇದನ್ನು."

ಎಂಎ3 ಎಂದು ಶುರುವಾಗುವ ಹದಿನೇಳು ಅಕ್ಷರಗಳ ಆ ಚಾಸಿ ನಂಬರೇ ಕಾನೂನಿನ ಕಣ್ಣಿನಲ್ಲಿ ಕಾರು. ನಂಬರ್ ಪ್ಲೇಟು ಅದರ ವಿಳಾಸ ಮಾತ್ರ. ಆ ತುಂಡನ್ನು ಕತ್ತರಿಸಿ ಇನ್ನೊಂದು ಬಾಡಿಗೆ ಬೆಸೆಯುವುದು, ಅಥವಾ ಒಂದರ ಪ್ಲೇಟನ್ನು ಇನ್ನೊಂದಕ್ಕೆ ಹಾಕುವುದು ರಿಪೇರಿಯಲ್ಲ, ಅಪರಾಧ. ಕದ್ದ ಗಾಡಿಗಳಿಗೆ ಮಾಡುವ ಉಪಚಾರವೂ ಇದೇ. ಭಾವನವರ ಮುಖ ಸಪ್ಪೆಯಾಯಿತು. ಕಾಕ ಹೇಳಿದ್ದರಿಂದ ಒಪ್ಪಿದರು. ನಾನು ಹೇಳಿದ್ದರೆ ಮಾಷ್ಟ್ರ ಪಾಠ ಎಂದು ತಳ್ಳಿಬಿಡುತ್ತಿದ್ದರು.

ಕಾನೂನಿನ ಪ್ರಕಾರವೇ ಅಡ್ಯನಡ್ಕದ ಬಾಡಿಯನ್ನು ಉಳಿಸಿಕೊಳ್ಳಬಹುದಿತ್ತು, ಅಂದರೆ ಅದನ್ನೇ ನಮ್ಮ ಕಾರನ್ನಾಗಿ ಮಾಡಿಕೊಂಡು ಭಾವನವರದ್ದನ್ನು ಬಿಡಿಭಾಗಕ್ಕೆ ಇಡುವುದು. ಅದರ ದಾರಿ ಹೀಗೆ: ಮೊದಲು ವಾರಸುದಾರರ ಹೆಸರಿಗೆ ವರ್ಗಾವಣೆ, ಮಂಗಳೂರಿನಿಂದ ನಿರಾಕ್ಷೇಪಣಾ ಪತ್ರ, ಕೇರಳದ ತೆರಿಗೆ, ಇಲ್ಲಿ ಹೊಸ ನಂಬರು. ಮುಗಿದ ನೋಂದಣಿಯ ನವೀಕರಣ ಬೇರೆ. 2022ರ ಏಪ್ರಿಲಿನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿಗೆ ಏರಿತು. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ವರ್ಷಗಟ್ಟಲೆ ತಡವಾದ ಗಾಡಿಗೆ ಇದು ಗಾಡಿಯ ಬೆಲೆಯನ್ನು ದಾಟುತ್ತದೆ. ಇದರ ಮೇಲೆ ನಮ್ಮ ಎಂಜಿನ್ ಹಾಕಿದರೆ ಎಂಜಿನ್ ನಂಬರು ಆರ್‌ಸಿಗೆ ಹೊಂದುವುದಿಲ್ಲ, ಅದಕ್ಕೂ ಆರ್‌ಟಿಒ ಅನುಮತಿ ಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಈ ವಿಷಯದಲ್ಲಿ ಸಡಿಲವಲ್ಲ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಖಂಡಿತವಾಗಿ ಹೇಳಿದೆ.

ಭಾವನವರ ಕಾರಿನ ಆರ್‌ಸಿಯೋ 2023ರಲ್ಲಿ ನವೀಕರಣವಾಗಿ 2028ರ ತನಕ ಚಾಲ್ತಿಯಲ್ಲಿದೆ. ಕಾಗದದ ಕಡೆಯಿಂದ ನೋಡಿದರೆ ಜಜ್ಜಿಹೋದದ್ದೇ ಜೀವಂತ ಕಾರು, ಮಿನುಗುವುದು ಹೆಣ. ಇನ್ನು ಜಜ್ಜಿಹೋದ ಬಾಡಿ ನಿಜವಾಗಿ ಉಳಿಯುವಂಥದ್ದೇ ಎಂದು ನೋಡುವುದು ಬಾಕಿ. ಅದು ಉಳಿಯದಿದ್ದರೆ ಎರಡನ್ನೂ ಗುಜರಿಗೆ ಕೊಡುವುದೆಂದು ನಿಶ್ಚಯಿಸಿಕೊಂಡೇ ಅಳತೆಗೆ ಇಳಿದೆ.

ತೂಗುಗುಂಡು, ಸೀಮೆಸುಣ್ಣ, ಟೇಪು

ಅಳತೆಗೆ ಯಂತ್ರದ ಬೆಂಚು ಇಲ್ಲ. ಗಾರೆ ಮೇಸ್ತ್ರಿಯ ತೂಗುಗುಂಡು ಸಾಕು. ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಸಮಮಟ್ಟದಲ್ಲಿ ನಿಲ್ಲಿಸಿ, ಅಡಿಯಲ್ಲಿ ಎಡಬಲ ಎರಡೂ ಕಡೆ ಒಂದೇ ರೀತಿ ಇರುವ ಬಿಂದುಗಳಿಂದ ಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕುತ್ತಾ ಹೋದೆ: ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮ್ ಕೂರುವ ಬೋಲ್ಟು, ಎಂಜಿನ್ ಹಿಂದಿನ ಗೋಡೆಯ ಕೆಳಗೆ ತೊಲೆಯಲ್ಲಿರುವ ತೂತು, ಹಿಂದಿನ ಸಸ್ಪೆನ್ಷನ್ನಿನ ಬೋಲ್ಟು. ಕಾರನ್ನು ಪಕ್ಕಕ್ಕೆ ಸರಿಸಿದರೆ ನೆಲದ ಮೇಲೆ ಅದರ ನಕ್ಷೆ ಉಳಿಯುತ್ತದೆ. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಎರಡು ಕರ್ಣಗಳು ಸಮ ಬರಬೇಕು. ಮೂರು ಮಿಲಿಮೀಟರಿನವರೆಗಿನ ವ್ಯತ್ಯಾಸವನ್ನು ಯಾವ ಬಾಡಿ ಕೆಲಸದವರೂ ಒಪ್ಪುತ್ತಾರೆ.

ಮೊದಲು ಚಕ್ರದಿಂದ ಚಕ್ರಕ್ಕೆ ಅಳೆದಿದ್ದೆ. 800ರ ವೀಲ್ ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 2,175 ಮಿಲಿಮೀಟರ್. ಬಲಗಡೆ 2,174 ಬಂತು, ಎಡಗಡೆ 2,131. ಈ ಸಂಖ್ಯೆಯನ್ನು ಕೇಳಿಯೇ ಬಹಳ ಮಂದಿ ಕಾರಿಗೆ ಎಳ್ಳುನೀರು ಬಿಡುತ್ತಾರೆ. ಆದರೆ ಚಕ್ರ ಹಿಂದೆ ಸರಿಯುವುದು ಎರಡು ಕಾರಣಕ್ಕೆ: ಲೋವರ್ ಆರ್ಮ್, ಸ್ಟೆಬಿಲೈಜರ್ ಬಾರ್ ಬಾಗಿದ್ದರೂ ಸರಿಯುತ್ತದೆ, ಬಾಡಿಯೇ ಹಿಂದಕ್ಕೆ ಹೋಗಿದ್ದರೂ ಸರಿಯುತ್ತದೆ. ಮೊದಲನೆಯದಕ್ಕೆ ಸ್ಪ್ಯಾನರ್ ಸಾಕು, ಎರಡನೆಯದಕ್ಕೆ ವೆಲ್ಡಿಂಗ್ ಬೇಕು. ನೆಲದ ನಕ್ಷೆ ಇವೆರಡನ್ನು ಬೇರೆ ಮಾಡಿ ತೋರಿಸಿತು. ಎಂಜಿನ್ ಹಿಂದಿನ ಗೋಡೆಯಿಂದ ಹಿಂಬದಿಯ ತನಕ ಕರ್ಣಗಳ ವ್ಯತ್ಯಾಸ 2 ಮಿಲಿಮೀಟರ್. ಗೋಡೆಯಿಂದ ಮುಂದಕ್ಕೆ 16. ಬಾನೆಟ್ಟಿನ ಬಲ ಕೀಲಿನಿಂದ ಎಡ ಸ್ಟ್ರಟ್‌ನ ತಲೆಗೆ, ಎಡ ಕೀಲಿನಿಂದ ಬಲ ಸ್ಟ್ರಟ್‌ನ ತಲೆಗೆ ಹಿಡಿದರೂ ಕತೆ ಅದೇ.

ಅಂದರೆ ಜನ ಕೂರುವ ಪೆಟ್ಟಿಗೆ ಅಲುಗಿಲ್ಲ, ಮೂಗು ಮಾತ್ರ ಹೋಗಿದೆ. ಟೇಪು ಹೇಳಿದ್ದನ್ನು ಇತರ ಸಾಕ್ಷಿಗಳೂ ಹೇಳಿದವು. ಎಡಬಾಗಿಲು ತೆಗೆದು ಹಾಕುವಾಗ ತಡೆಯಲಿಲ್ಲ. ಫೆಂಡರ್ ಬಿಚ್ಚಿದ ಮೇಲೆ ಬಾಗಿಲಿನ ಸುತ್ತಲಿನ ಸಂದು ಮೇಲೆ ಕೆಳಗೆ ಒಂದೇ ಸಮನಾಗಿತ್ತು. ಮುಂದಿನ ಕಂಬ ಹಿಂದಕ್ಕೆ ಸರಿದಿದ್ದರೆ ಬಾಗಿಲು ಖಂಡಿತ ಹೇಳುತ್ತಿತ್ತು. ಮುಂದಿನ ಗಾಜಿನಲ್ಲಿ ಬಿರುಕಿಲ್ಲ. ಕಾಲಿಡುವ ಜಾಗದ ಮ್ಯಾಟ್ ಎತ್ತಿ ನೋಡಿದರೆ ತಗಡಿನಲ್ಲಿ ಸುಕ್ಕಿಲ್ಲ. ಕಾರಿನ ಮಾಡಿನ ತಗಡಿನ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದರೆ ಅಲೆ ಕಾಣಲಿಲ್ಲ. ಇವುಗಳಲ್ಲಿ ಒಂದು ಇದ್ದರೂ ನಾನು ಮುಂದುವರಿಯುತ್ತಿರಲಿಲ್ಲ.

ಅಡ್ಯನಡ್ಕದ ಕಾರಿನಲ್ಲಿ ಟೇಪು ಬೇಕಾಗಲಿಲ್ಲ, ಸ್ಕ್ರೂಡ್ರೈವರ್ ಸಾಕಾಯಿತು. ಬಾಗಿಲಿನ ಕೆಳಗಿನ ಪಟ್ಟಿಗೆ, ಜಾಕ್ ಕೊಡುವ ಜಾಗಕ್ಕೆ ಚುಚ್ಚಿದರೆ ಹಿಡಿಯವರೆಗೆ ಒಳಗೆ ಹೋಯಿತು. ಚಾಲಕನ ಕಾಲಿನ ಕೆಳಗಿನ ರಬ್ಬರ್ ಹಾಸು ಎತ್ತಿದರೆ ನೆಲದ ಹುಲ್ಲು ಕಂಡಿತು. ನಮ್ಮ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ನಿಂತ ಕಾರಿನ ರಬ್ಬರ್ ಹಾಸಿನಡಿ ಆ ತೇವ ಆರುವುದೇ ಇಲ್ಲ. ಮೇಲಿನ ಬಣ್ಣ ಮಿನುಗುತ್ತಿರುವಾಗಲೇ ಕೆಳಗಿನದು ಪುಡಿಯಾಗಿರುತ್ತದೆ. ಮುಂಭಾಗ ಮಾತ್ರ, ಎಂಜಿನ್ನಿನ ಎಣ್ಣೆ ಮಸಿಯ ದಯೆಯಿಂದ, ತುಕ್ಕಿಲ್ಲದೆ ಗಟ್ಟಿಯಾಗಿತ್ತು. ನಮಗೆ ಬೇಕಾದದ್ದೂ ಅದೇ.

ಎಳೆಯುವುದೋ, ಕತ್ತರಿಸುವುದೋ

ಉಳಿದದ್ದು ಒಂದೇ ಪ್ರಶ್ನೆ: ಬಾಗಿದ ತೊಲೆಯನ್ನು ಸರಪಣಿ ಕಟ್ಟಿ ಎಳೆದು ನೇರ ಮಾಡುವುದೋ, ಕತ್ತರಿಸಿ ಇನ್ನೊಂದರಿಂದ ತಂದು ಹಾಕುವುದೋ. ಎಳೆಯುವುದು ಅಗ್ಗ. ಕಾಕನ ನಿಯಮ ಬಾಡಿ ಕೆಲಸ ಕಲಿತವರೆಲ್ಲ ಹೇಳುವಂಥದ್ದೇ: "ಬಾಗಿದ್ದರೆ ಎಳೆಯಬಹುದು ಮಾಷ್ಟ್ರೇ, ಮಡಿಚಿದ್ದರೆ ಬದಲಿಸಬೇಕು." ಅಡಿಕೆ ಹಾಳೆಯನ್ನು ಮಡಿಚಿ ಬಿಡಿಸಿದರೆ ಮಡಿಕೆಯ ಗೆರೆ ಉಳಿಯುತ್ತದೆ, ಮುಂದೆ ಹರಿಯುವುದು ಅಲ್ಲೇ, ಉಕ್ಕಿನ ತಗಡೂ ಹಾಗೆಯೇ. ತಣ್ಣಗಿರುವಾಗ ಚೂಪಾಗಿ ಮಡಿಚಿದ ಉಕ್ಕು ಆ ಗೆರೆಯಲ್ಲಿ ಗಡುಸಾಗುತ್ತದೆ, ಮತ್ತೆ ಬಿಡಿಸಿದರೆ ಸೀಳುತ್ತದೆ. ಗ್ಯಾಸಿನಲ್ಲಿ ಕಾಯಿಸಿ ಬಿಡಿಸಿದರೆ ಸುಲಭವಾಗಿ ಬರುತ್ತದೆ, ಆದರೆ ಬಲ ಹೋಗುತ್ತದೆ. ಅಪಘಾತದಲ್ಲಿ ಮೊದಲು ಪೆಟ್ಟು ತಿನ್ನಬೇಕಾದ ತೊಲೆಯಲ್ಲಿ ಅಂಥದ್ದೊಂದು ಮೆತ್ತನೆಯ ಜಾಗ ಇಟ್ಟು ಮೇಲೆ ಪುಟ್ಟಿ ಬಳಿಯುವುದನ್ನು ಯಾವ ಹೆಸರಿನಿಂದ ಕರೆದರೂ ನಾನು ರಿಪೇರಿ ಎನ್ನಲಾರೆ. ನಮ್ಮ ತೊಲೆ ಮಡಿಚಿತ್ತು. ಹೊಸ ಏಪ್ರನ್ ಅಂಗಡಿಗಳಲ್ಲಿ ಸಿಗಲಿಲ್ಲ. ಆದ್ದರಿಂದ ಕತ್ತರಿಸುವುದೆಂದೇ ಆಯಿತು. ಚಾಸಿ ನಂಬರು ಇರುವ ಗೋಡೆಯನ್ನು ಮುಟ್ಟದೆ, ಅದರ ಮುಂದಿನ ಎಡಭಾಗ ಮಾತ್ರ.

ಅಡ್ಯನಡ್ಕದವರ ಹತ್ತಿರ ಒಂದು ಶರತ್ತು ಹಾಕಿದೆ. ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಉಪಯೋಗಕ್ಕೆ ಬಾರದ ಗಾಡಿಯ ನೋಂದಣಿ ರದ್ದತಿಗೆ ಮಾಲೀಕರೇ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಆ ಸ್ವೀಕೃತಿಯ ಪ್ರತಿ ಕೈಗೆ ಬಂದ ಮೇಲೆಯೇ ಗಾಡಿ ಎತ್ತುತ್ತೇನೆ ಎಂದೆ. ಅವರು ಬೇಸರಿಸಿಕೊಂಡರೂ ಮಾಡಿಸಿದರು. ಸಾರಡ್ಕದ ಗಡಿಯಲ್ಲಿ ಪಿಕಪ್ ನಿಲ್ಲಿಸಿ ಕೇಳಿದಾಗ ಆ ಕಾಗದ ತೋರಿಸಿದೆವು, ಮಾತು ಅಲ್ಲಿಗೆ ಮುಗಿಯಿತು.

ಕತ್ತರಿ ಮತ್ತು ಬೆಸುಗೆ

ಬ್ಯಾಟರಿ ಬಿಚ್ಚಿ, ಪೆಟ್ರೋಲ್ ತೆಗೆದು, ಎಂಜಿನ್ನಿನ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆಯಾದ ಇಸಿಎಮ್ ಹೊರಗಿಟ್ಟು, ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಒಟ್ಟಿಗೆ ಎತ್ತಿದೆವು. ವೆಲ್ಡಿಂಗ್ ಮಾಡುವಾಗ ಇಸಿಎಮ್ ಗಾಡಿಯಲ್ಲಿ ಇರಲೇಬಾರದು.

ದಾನಿಯ, ಅಂದರೆ ಅಡ್ಯನಡ್ಕದ ಕಾರಿನ, ತುಂಡನ್ನು ಬೇಕಾದದ್ದಕ್ಕಿಂತ ಉದ್ದವಾಗಿಯೇ ಗ್ರೈಂಡರಿನಲ್ಲಿ ಕೊಯ್ದು ತೆಗೆದೆವು. ಆಮೇಲಿನದ್ದು ತಾಳ್ಮೆಯ ಕೆಲಸ. ಅಂಚಿನಲ್ಲಿ ಬಣ್ಣ ಕೆರೆದರೆ ಸ್ಪಾಟ್ ವೆಲ್ಡಿಂಗಿನ ದುಂಡಗಿನ ಗುಳಿಗಳು ಕಾಣುತ್ತವೆ. ಪ್ರತಿಯೊಂದರ ನಡುವೆ ಪಂಚ್ ಹೊಡೆದು, ಎಂಟು ಮಿಲಿಮೀಟರ್ ಡ್ರಿಲ್ಲಿನಿಂದ ಮೇಲಿನ ಪದರವನ್ನು ಮಾತ್ರ ಕೊರೆಯಬೇಕು.  ನಮ್ಮ ಕಾರಿನ ಹಾಳಾದ ಏಪ್ರನ್ನನ್ನೂ ಹೀಗೆಯೇ ಬಿಡಿಸಿದೆವು. ಇಲ್ಲಿ ಕೆಳಗಿನ ಪದರ ನಮ್ಮ ಗೋಡೆಯದು, ಅದಕ್ಕೆ ತೂತು ಬೀಳಬಾರದು. ಕಾರ್ಖಾನೆಯಲ್ಲಿ ಎಲ್ಲಿ ಕೂಡಿಸಿದ್ದರೋ ಅಲ್ಲಿಯೇ ಬಿಡಿಸಿ ಅಲ್ಲಿಯೇ ಕೂಡಿಸಿದರೆ ತಗಡಿನ ನಡುವೆ ಹೊಸ ಜೋಡಣೆ ಬೀಳುವುದಿಲ್ಲ. ನಡುವೆ ಕೊಯ್ದು ತುದಿಗೆ ತುದಿ ಬೆಸೆಯುವವರಿದ್ದಾರೆ; ಬೇಗ ಮುಗಿಯುತ್ತದೆ, ನನಗೆ ಒಗ್ಗುವುದಿಲ್ಲ.

ಹೊಸ ತುಂಡನ್ನು ಬೆಸೆಯುವ ಮೊದಲು ಕ್ಲಾಂಪ್ ಹಾಕಿ ಕೂರಿಸಿ, ರೇಡಿಯೇಟರ್ ಚೌಕಟ್ಟು, ಹೆಡ್‌ಲೈಟ್, ಫೆಂಡರ್, ಬಾನೆಟ್ ಎಲ್ಲವನ್ನೂ ತಾತ್ಕಾಲಿಕವಾಗಿ ಬೋಲ್ಟ್ ಮಾಡಿದೆವು. ಬೋಲ್ಟುಗಳು ಒತ್ತಾಯವಿಲ್ಲದೆ ಕೂರಬೇಕು, ಬಾನೆಟ್ಟಿನ ಸಂದು ಎರಡೂ ಕಡೆ ಸಮ ಬರಬೇಕು. ಕ್ಲಾಂಪ್ ಸಡಿಲಿಸಿ ಕೂದಲೆಳೆಯಷ್ಟು ತಳ್ಳುವುದು, ಮತ್ತೆ ತೂಗುಗುಂಡು, ಮತ್ತೆ ಟೇಪು. ಕರ್ಣದ ವ್ಯತ್ಯಾಸ 2 ಮಿಲಿಮೀಟರಿಗೆ ಬಂದಾಗ ಕಾಕ ಟೋಪಿ ಹಿಂದಕ್ಕೆ ಸರಿಸಿ ಬೀಡಿ ಹಚ್ಚಿದರು. ಒಪ್ಪಿಗೆ ಎಂದು ಅರ್ಥ.

ಬೆಸುಗೆ ಸಿಒಟು ವೆಲ್ಡಿಂಗಿನಲ್ಲಿ, ಅಂದರೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ತಂತಿಯಿಂದ ಬೆಸೆಯುವ ವಿಧಾನದಲ್ಲಿ. ಒಂದು ಮಿಲಿಮೀಟರಿಗಿಂತ ತೆಳುವಾದ ತಗಡಿಗೆ ಸಾಮಾನ್ಯ ಆರ್ಕ್ ವೆಲ್ಡಿಂಗ್ ಹಿಡಿದರೆ ತೂತು ಬೀಳುತ್ತದೆ, ಗ್ಯಾಸ್ ಹಿಡಿದರೆ ತಗಡು ಸೊಟ್ಟಗಾಗುತ್ತದೆ. ಕೊರೆದ ತೂತುಗಳನ್ನು ತುಂಬುತ್ತಾ, ಒಂದು ಇಲ್ಲಿ, ಮುಂದಿನದು ದೂರದಲ್ಲಿ, ಬಿಸಿ ಒಂದೇ ಕಡೆ ಸೇರದ ಹಾಗೆ ಹಾಕಿದೆವು. ಎರಡು ಪದರಗಳ ನಡುವೆ ಮೊದಲೇ ಸತುವಿನ ಪ್ರೈಮರ್ ಬಳಿದಿತ್ತು. ಆಷಾಢದ ಗಾಳಿಯಲ್ಲಿ ಕೆರೆದ ಉಕ್ಕು ಬೆಳಗಾಗುವಷ್ಟರಲ್ಲಿ ಕೆಂಪಾಗುತ್ತದೆ. ಬೆಸೆದ ದಿನವೇ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ತೊಲೆಯ ಒಳಗೆ ಮೇಣದ ಸ್ಪ್ರೇ ಆಗಲೇಬೇಕು. ಇಷ್ಟನ್ನು ಬಿಟ್ಟರೆ ಅಡ್ಯನಡ್ಕದ ಕಾರಿನ ಗತಿಯೇ ಇದಕ್ಕೂ.

ಯಾವುದು ಬಂತು, ಯಾವುದು ಬರಲಿಲ್ಲ

ದಾನಿಯಿಂದ ಫೆಂಡರ್, ಬಾನೆಟ್, ರೇಡಿಯೇಟರ್ ಚೌಕಟ್ಟು, ಫ್ಯಾನ್, ಎಡ ಚಕ್ರದ ನಕಲ್ (ಚಕ್ರವನ್ನು ಹಿಡಿಯುವ ಕೊಂಡಿ) ತೆಗೆದುಕೊಂಡೆವು. ಲೋವರ್ ಆರ್ಮ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬುಷ್‌ಗಳು, ಬ್ರೇಕ್ ಹೋಸು ಹೊಸತು. ಹಳೆಯ ರಬ್ಬರಿನ ಮೇಲೆ, ಹಳೆಯ ಬ್ರೇಕಿನ ಮೇಲೆ ಉಳಿತಾಯ ಮಾಡುವುದು ನನಗೆ ಸರಿ ಕಾಣುವುದಿಲ್ಲ. ದಾನಿಯ ಟಯರುಗಳಲ್ಲಿ ಗೆರೆ ಚೆನ್ನಾಗಿತ್ತು, ಆದರೆ ಬದಿಯಲ್ಲಿ ಒತ್ತಿದ ನಾಲ್ಕು ಅಂಕೆಗಳಲ್ಲಿ ಕೊನೆಯ ಎರಡು, ಅಂದರೆ ತಯಾರಾದ ವರ್ಷ, 14 ಎಂದಿತ್ತು. ಅವು ತೆಂಗಿನ ಬುಡ ಸೇರಿದವು.

ಗೇರ್ ಬಾಕ್ಸಿನ ನಂಬರು ಆರ್‌ಸಿಯಲ್ಲಿ ಇರುವುದಿಲ್ಲ. ನಮ್ಮದು ಮೂರನೇ ಗೇರಿನಲ್ಲಿ ಮೊದಲಿನಿಂದಲೂ ಗೊಣಗುತ್ತಿದ್ದುದರಿಂದ ದಾನಿಯದ್ದನ್ನೇ ಹಾಕಿದೆವು. ಎಂಜಿನ್ ಮಾತ್ರ ನಮ್ಮದೇ. ಇಲ್ಲಿ ಒಂದು ಮಾತು: "ಓಮ್ನಿಯ ಎಂಜಿನ್ ಹಾಕಬಹುದಲ್ಲ, ಅದೂ 796 ಸಿಸಿ" ಎಂದು ಸಲಹೆ ಕೊಟ್ಟವರು ಒಬ್ಬಿಬ್ಬರಲ್ಲ. ಕುಟುಂಬ ಒಂದೇ, ನಿಜ. ಆದರೆ ಓಮ್ನಿಯಲ್ಲಿ ಎಂಜಿನ್ ಸೀಟಿನಡಿ ಉದ್ದಕ್ಕೆ ಮಲಗಿ ಹಿಂದಿನ ಚಕ್ರವನ್ನು ತಿರುಗಿಸುತ್ತದೆ, 800ರಲ್ಲಿ ಅಡ್ಡಕ್ಕೆ ಕೂತು ಮುಂದಿನದನ್ನು. ಮೌಂಟಿಂಗ್ ಬೇರೆ, ಗೇರ್ ಬಾಕ್ಸ್ ಬೇರೆ, ಮೇಲೆ ನಂಬರಿನ ತಂಟೆ. ಇಸಿಎಮ್ ಬದಲಿಸುವವರಿಗೂ ಎಚ್ಚರಿಕೆ: ಇಮೊಬಿಲೈಜರ್ (ಸರಿಯಾದ ಕೀಲಿ ಇಲ್ಲದೆ ಎಂಜಿನ್ ಓಡದಂತೆ ತಡೆಯುವ ಸಾಧನ) ಇರುವ ಗಾಡಿಯಾದರೆ ಇಸಿಎಮ್, ಇಮೊಬಿಲೈಜರ್, ಕೀಲಿ ಮೂರೂ ಒಂದೇ ಗಾಡಿಯಿಂದ ಬರಬೇಕು.

ಚಕ್ರ ಹಾಕಿ ಅಳೆದರೆ ಎಡಗಡೆ 2,173. ಅಲೈನ್‌ಮೆಂಟ್ ಯಂತ್ರದಲ್ಲಿ ಎರಡೂ ಚಕ್ರಗಳ ಓರೆ ಮಿತಿಯೊಳಗೆ ಬಂತು. ಸೀತಾಂಗೋಳಿಯ ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಮೇಲೆ ಬೆರಳು ಮಾತ್ರ ಇಟ್ಟು ಓಡಿಸಿದೆ, ಎಲ್ಲಿಗೂ ಎಳೆಯಲಿಲ್ಲ. ದಾನಿ ಕಾರಿನ ಬೆಲೆ, ಹೊಸ ಸಾಮಾನು, ಕಾಕನ ಕೂಲಿ, ಪಿಕಪ್ ಬಾಡಿಗೆ ಎಲ್ಲ ಸೇರಿ 38,000 ರೂಪಾಯಿ. ನನ್ನ ದುಡಿಮೆಗೆ ಲೆಕ್ಕವಿಲ್ಲ. ಅದನ್ನೂ ಸೇರಿಸಿದರೆ ಶೇ. 75ರ ಗೆರೆ ದಾಟುತ್ತದೆ ಎಂದು ಅಕ್ಕ ಹೇಳುತ್ತಾಳೆ, ಹೇಳಲಿ.

ಬಣ್ಣದ ಕೆಲಸ ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ. ಅಲ್ಲಿಯವರೆಗೆ ಎಡ ಮೂಗು ಬೂದು ಪ್ರೈಮರಿನಲ್ಲೇ ಓಡಾಡುತ್ತದೆ. ದಾನಿಯ ಬಾಗಿಲುಗಳನ್ನು ಪೆರ್ಲದವರೊಬ್ಬರು ಒಯ್ದರು, ಉಳಿದ ಬಾಡಿ ಗುಜರಿಗೆ ಹೋಯಿತು. ಎಂಜಿನ್ ಇನ್ನೂ ಹಲಗೆಯ ಮೇಲೆ ಕೂತಿದೆ. ಕೇಳಿಕೊಂಡು ಬರುವವರಿದ್ದಾರೆ, ಆದರೆ ಆರ್‌ಟಿಒ ಅನುಮತಿ ತಂದವರಿಗೆ ಮಾತ್ರ ಅದನ್ನು ಕೊಡುವುದು.